ಕಾರಿನ ಇಂಧನ ಮಿತವ್ಯಯ: ಚಾಲನಾ ಕ್ರಮವೂ ರಸ್ತೆಯ ಸ್ಥಿತಿಯೂ

ಕಾರು ಕೊಳ್ಳುವವರು ಬೆಲೆಯನ್ನು ವಿಚಾರಿಸಿದ ನಂತರ ಕೇಳುವ ಮೊದಲ ಪ್ರಶ್ನೆ, ಅದು ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು. 20 ಕಿ.ಮೀ. ಓಡುವುದೆಂದು ಹೇಳಲಾದ ಕಾರು ಮುಂಬಯಿ ಅಥವಾ ಹೈದರಾಬಾದಿನ ಬೀದಿಗಳಲ್ಲಿ 13 ಅಥವಾ 14 ಕಿ.ಮೀ. ಮಾತ್ರ ಓಡಿದಾಗ, ಎಂಜಿನ್ನಿನಲ್ಲಿ ದೋಷವಿರಬೇಕೆಂದು ಶಂಕಿಸಿ ಅನೇಕರು ಗ್ಯಾರೇಜಿಗೆ ಹೋಗುತ್ತಾರೆ. ಎಂಜಿನ್ನಿನ ತಪಾಸಣೆ ಅಗತ್ಯವೇ ಸರಿ. ಆದರೆ ಅನೇಕ ಸಂದರ್ಭಗಳಲ್ಲಿ ಈ ಅಂತರಕ್ಕೆ ಕಾರಣವು ಎಂಜಿನ್ನಿನಲ್ಲಿರುವುದಿಲ್ಲ; ಕಾರು ಸಾಗುವ ರಸ್ತೆಯಲ್ಲಿಯೂ ಅದನ್ನು ನಡೆಸುವ ಕ್ರಮದಲ್ಲಿಯೂ ಇರುತ್ತದೆ. ರಸ್ತೆಯನ್ನು ಬದಲಾಯಿಸುವುದು ಚಾಲಕರಿಂದ ಸಾಧ್ಯವಿಲ್ಲ. ಚಾಲನಾ ಕ್ರಮವನ್ನು ಬದಲಾಯಿಸಿಕೊಳ್ಳುವುದು ಮಾತ್ರ ಅವರ ಕೈಯಲ್ಲಿಯೇ ಇದೆ.

ಇದು ಕೇವಲ ಒಂದು ಕುಟುಂಬದ ಖರ್ಚಿನ ಪ್ರಶ್ನೆಯಲ್ಲ. ಭಾರತವು ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗವು ಹೊರದೇಶಗಳಿಂದ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ. ಇಂಧನದ ಮಿತಬಳಕೆಯ ಬಗ್ಗೆ ಜನರಲ್ಲಿ ತಿಳಿವಳಿಕೆ ಮೂಡಿಸುವ ಉದ್ದೇಶದಿಂದಲೇ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು 1978ರಲ್ಲಿ ಸ್ಥಾಪನೆಯಾಯಿತು.

ಪರೀಕ್ಷೆಯ ಅಂಕಿ ಮತ್ತು ರಸ್ತೆಯ ಅಂಕಿ

ಕಾರಿನ ಮೈಲೇಜನ್ನು ಅಳೆಯುವ ಪರೀಕ್ಷೆಯು ಪ್ರಯೋಗಾಲಯದಲ್ಲಿ ನಡೆಯುತ್ತದೆ. ಇಂತಹ ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ 1966ರಲ್ಲಿ ಸ್ಥಾಪಿತವಾದ ಪುಣೆಯ ಎ.ಆರ್.ಎ.ಐ. ಪ್ರಮುಖವಾದುದು. ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಪಡಿಸಿದ ವೇಗಗಳಲ್ಲಿ ಸುಮಾರು 20 ನಿಮಿಷಗಳ ಕಾಲ ಓಡಿಸಲಾಗುತ್ತದೆ. ಭಾರತದಲ್ಲಿ ಹಲವು ವರ್ಷಗಳಿಂದ ಅನುಸರಿಸಲಾದ ಪರೀಕ್ಷಾಕ್ರಮದಲ್ಲಿ ಗರಿಷ್ಠ ವೇಗವು ಗಂಟೆಗೆ 90 ಕಿ.ಮೀ. ಏರ್‌ಕಂಡೀಷನರ್ ಚಾಲನೆಯಲ್ಲಿರುವುದಿಲ್ಲ. ಅಲ್ಲಿ ರಸ್ತೆಗುಂಡಿಯಿಲ್ಲ, ಅಡ್ಡ ಬರುವ ಆಟೋರಿಕ್ಷಾ ಇಲ್ಲ, ಮಳೆನೀರು ನಿಂತ ಬೀದಿಯೂ ಇಲ್ಲ.

ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಿ ನೋಡಲು ಈ ಅಂಕಿ ಉಪಯುಕ್ತ. ದಿನನಿತ್ಯದ ಓಡಾಟದಲ್ಲಿಯೂ ಅಷ್ಟೇ ಮೈಲೇಜ್ ದೊರೆಯುವುದೆಂಬ ಭರವಸೆಯೆಂದು ಅದನ್ನು ಭಾವಿಸಬಾರದು.

ಬ್ರೇಕಿನಲ್ಲಿ ವ್ಯಯವಾಗುವ ಪೆಟ್ರೋಲ್

ನಿಂತಿರುವ ಕಾರನ್ನು ವೇಗಕ್ಕೆ ತರಲು ಇಂಧನ ಬೇಕು. ಹೀಗೆ ದೊರೆತ ಶಕ್ತಿಯು ಕಾರಿನ ಚಲನೆಯಲ್ಲಿ ಸಂಚಿತವಾಗಿರುತ್ತದೆ. ಬ್ರೇಕ್ ಒತ್ತಿ ಕಾರನ್ನು ನಿಲ್ಲಿಸಿದಾಗ ಆ ಶಕ್ತಿಯು ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಟ್ಟು ಗಾಳಿಯಲ್ಲಿ ಕಳೆದುಹೋಗುತ್ತದೆ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳು ಇದರ ಒಂದು ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸಬಲ್ಲವು. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಈ ನಷ್ಟವನ್ನು ಲೆಕ್ಕಹಾಕಬಹುದು. 1,000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 139 ಕಿಲೋಜೂಲ್. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಗೆ ಒದಗುತ್ತದೆಂದು ಇಟ್ಟುಕೊಂಡರೆ, ಕಾರನ್ನು ಆ ವೇಗಕ್ಕೆ ತರಲು ಸುಮಾರು 17 ಮಿಲಿಲೀಟರ್, ಅಂದರೆ ಒಂದು ದೊಡ್ಡ ಚಮಚ ತುಂಬುವಷ್ಟು ಪೆಟ್ರೋಲ್ ಖರ್ಚಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗಕ್ಕೆ ಸುಮಾರು 8 ಮಿಲಿಲೀಟರ್ ಸಾಕು. ವೇಗವು ಒಂದೂವರೆ ಪಟ್ಟಾದರೆ ಬ್ರೇಕಿನಲ್ಲಿ ಆಗುವ ನಷ್ಟವು ಎರಡೂಕಾಲು ಪಟ್ಟಾಗುತ್ತದೆ.

ಕಚೇರಿಗೆ ಹೋಗಿಬರುವ ದಾರಿಯಲ್ಲಿ ಒಬ್ಬ ಚಾಲಕರು ದಿನಕ್ಕೆ 50 ಸಲ ಕಾರನ್ನು 60 ಕಿ.ಮೀ. ವೇಗಕ್ಕೆ ನುಗ್ಗಿಸಿ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ, ಸುಮಾರು 850 ಮಿಲಿಲೀಟರ್ ಪೆಟ್ರೋಲ್ ಬ್ರೇಕುಗಳಲ್ಲಿಯೇ ವ್ಯಯವಾಗುತ್ತದೆ. ಅದೇ ದಾರಿಯಲ್ಲಿ 40 ಕಿ.ಮೀ. ಮೀರದೆ ಸಾಗಿದವರಿಗೆ ಈ ನಷ್ಟವು 400 ಮಿಲಿಲೀಟರಿನಷ್ಟೇ. ಇಬ್ಬರೂ ಅದೇ ಕೆಂಪು ದೀಪದ ಬಳಿ ನಿಲ್ಲುವುದರಿಂದ, ವೇಗವಾಗಿ ಹೋದವರಿಗೆ ಸಮಯದ ಲಾಭವೂ ಅಷ್ಟಾಗಿ ಇರುವುದಿಲ್ಲ. ಮುಂದಿನ ವಾಹನದಿಂದ ಸಾಕಷ್ಟು ಅಂತರವಿರಿಸಿ, ದೂರದಿಂದಲೇ ಸಿಗ್ನಲ್ಲನ್ನು ಗಮನಿಸಿ, ಆಕ್ಸಿಲರೇಟರಿನಿಂದ ಮೊದಲೇ ಕಾಲು ತೆಗೆಯುವುದು ಇದಕ್ಕೆ ಪರಿಹಾರ. ಥಟ್ಟನೆ ವೇಗ ಹೆಚ್ಚಿಸಿ ಥಟ್ಟನೆ ನಿಲ್ಲಿಸುವ ಚಾಲನೆಯಿಂದ ನಗರ ಸಂಚಾರದಲ್ಲಿ ಮೈಲೇಜ್ ಶೇಕಡಾ 10ರಿಂದ 40ರವರೆಗೆ ಇಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆಯು ಅಂದಾಜು ಮಾಡಿದೆ.

ವೇಗ ಮತ್ತು ಗಾಳಿಯ ಪ್ರತಿರೋಧ

ನಗರದಲ್ಲಿ ಬ್ರೇಕಿನ ನಷ್ಟ ಹೆಚ್ಚಾದರೆ, ಹೆದ್ದಾರಿಯಲ್ಲಿ ಗಾಳಿಯ ಪ್ರತಿರೋಧ ಹೆಚ್ಚು. ಈ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದುದಕ್ಕಿಂತ 100 ಕಿ.ಮೀ. ವೇಗದಲ್ಲಿ ಅದು ಒಂದೂವರೆ ಪಟ್ಟಿಗಿಂತ ಅಧಿಕ. ಮುಂಬಯಿ–ಪುಣೆ ದ್ರುತಗತಿ ಮಾರ್ಗದ ಸಮತಟ್ಟಾದ ಭಾಗದಲ್ಲಿ 60 ಕಿ.ಮೀ. ದೂರವನ್ನು 100ರ ವೇಗದಲ್ಲಿ ಕ್ರಮಿಸಲು 36 ನಿಮಿಷ, 80ರ ವೇಗದಲ್ಲಿ 45 ನಿಮಿಷ ಬೇಕು. 9 ನಿಮಿಷಗಳ ಉಳಿತಾಯಕ್ಕೆ ತೆರುವ ಬೆಲೆಯನ್ನು ಪ್ರಯಾಣಿಕರೇ ತೂಗಿ ನೋಡಬಹುದು. ಗಂಟೆಗೆ 45ರಿಂದ 55 ಕಿ.ಮೀ. ವೇಗವು ಮಿತವ್ಯಯಕ್ಕೆ ಅನುಕೂಲವೆಂಬುದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದ ಸಲಹೆ.

ವೇಗಕ್ಕೆ ತಕ್ಕ ಗೇರನ್ನು ಆರಿಸುವುದೂ ಮುಖ್ಯ. ಕೆಳಗಿನ ಗೇರಿನಲ್ಲಿ ಎಂಜಿನ್ ಕಿರುಚುವಂತೆ ಓಡಿಸುವುದು ಎಷ್ಟು ತಪ್ಪೋ, ಮೇಲಿನ ಗೇರಿನಲ್ಲಿ ಅದು ತಿಣುಕುವಂತೆ ಮಾಡುವುದೂ ಅಷ್ಟೇ ತಪ್ಪು. ಕ್ಲಚ್ಚಿನ ಮೇಲೆ ಸದಾ ಕಾಲಿರಿಸುವ ಅಭ್ಯಾಸವನ್ನು ಬಿಡಬೇಕು.

ನಿಂತ ಕಾರು, ತಣ್ಣಗಿರುವ ಎಂಜಿನ್

ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಮೈಲೇಜ್ ಸೊನ್ನೆ. ಸಣ್ಣ ಕಾರೊಂದು ಹೀಗೆ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಪೆಟ್ರೋಲನ್ನು ವ್ಯಯಿಸಬಲ್ಲದು. ಏರ್‌ಕಂಡೀಷನರ್ ಇದ್ದರೆ ಖರ್ಚು ಇನ್ನೂ ಹೆಚ್ಚು. ಮತ್ತೆ ಚಾಲೂ ಮಾಡಲು ಹೆಚ್ಚು ಪೆಟ್ರೋಲ್ ಬೇಕೆಂಬ ನಂಬಿಕೆಯು ಕಾರ್ಬುರೇಟರ್ ಕಾಲದ್ದು. ಈಗಿನ ಕಾರುಗಳಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಲ ನಿಲ್ಲಬೇಕಾದಾಗ ಎಂಜಿನ್ ಆರಿಸುವುದೇ ಲಾಭದಾಯಕ. ಸಿಗ್ನಲ್ಲುಗಳಲ್ಲಿ ಉಳಿದ ಸೆಕೆಂಡುಗಳನ್ನು ತೋರಿಸುವ ಫಲಕವಿದ್ದರೆ ಈ ನಿರ್ಧಾರ ಸುಲಭ.

ಎಂಜಿನ್ ತಣ್ಣಗಿರುವಾಗ ಇಂಧನ ಹೆಚ್ಚು ಬೇಕಾಗುತ್ತದೆ. ದೆಹಲಿಯ ಚಳಿಗಾಲದ ಬೆಳಗಿನಲ್ಲಿ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಹಾಲಿಗೊಮ್ಮೆ, ತರಕಾರಿಗೊಮ್ಮೆ ಎಂದು ಎರಡು ಕಿ.ಮೀ.ಗಳ ಓಟಗಳನ್ನು ಬಿಡಿಬಿಡಿಯಾಗಿ ಮಾಡುವುದಕ್ಕಿಂತ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಲೇಸು. ಚೆನ್ನೈ, ಹೈದರಾಬಾದುಗಳ ಬೇಸಿಗೆಯಲ್ಲಿ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಹೊರಡುವಾಗ ಕಿಟಕಿ ತೆರೆದು ಒಳಗಿನ ಬಿಸಿಗಾಳಿಯನ್ನು ಹೊರಹಾಕಿದ ಮೇಲೆ ಏರ್‌ಕಂಡೀಷನರ್ ಹಾಕಿದರೆ ಅದರ ಹೊರೆ ತಗ್ಗುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್: ಅಪಾಯಕರ ತಪ್ಪು ಕಲ್ಪನೆ

ಘಾಟಿಯ ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದರೆ, ಇಲ್ಲವೇ ಎಂಜಿನ್ನನ್ನೇ ಆರಿಸಿದರೆ, ಪೆಟ್ರೋಲ್ ಉಳಿಯುವುದೆಂದು ಕೆಲವರು ನಂಬಿದ್ದಾರೆ. ಈ ಅಭ್ಯಾಸವು ಪ್ರಾಣಕ್ಕೆ ಎರವಾಗಬಹುದು. ಖಂಡಾಲಾ ಘಾಟಿಯಂತಹ ದೀರ್ಘ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ತಪ್ಪಿದರೆ ಇಡೀ ಭಾರವು ಬ್ರೇಕುಗಳ ಮೇಲೆ ಬೀಳುತ್ತದೆ. ಅತಿಯಾಗಿ ಕಾದ ಬ್ರೇಕುಗಳು ಹಿಡಿತವನ್ನು ಕಳೆದುಕೊಳ್ಳುತ್ತವೆ. ಎಂಜಿನ್ ಆರಿಸಿದರೆ ಬ್ರೇಕಿಗೆ ಒದಗುವ ನೆರವು ನಿಂತುಹೋಗುತ್ತದೆ. ಸ್ಟಿಯರಿಂಗ್ ಗಡುಸಾಗುತ್ತದೆ, ಕೀಲಿಯನ್ನು ತೆಗೆದರೆ ಬೀಗ ಬೀಳುವ ಸಂಭವವೂ ಉಂಟು.

ಇಷ್ಟಕ್ಕೂ ಇದರಿಂದ ನಿರೀಕ್ಷಿಸಿದ ಲಾಭವಿಲ್ಲ. ಇಂಧನವನ್ನು ಇಂಜೆಕ್ಷನ್ ವಿಧಾನದಿಂದ ಪಡೆಯುವ ಈಗಿನ ಎಂಜಿನ್ನುಗಳಲ್ಲಿ, ಕಾರು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಧನದ ಪೂರೈಕೆ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಂತೆ ಇಂಧನ ಹರಿಯುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಘಾಟಿಯನ್ನು ಇಳಿಯುವಾಗ ಕೆಳಗಿನ ಗೇರಿನಲ್ಲಿರುವುದೇ ಸುರಕ್ಷಿತ. ಮಿತವ್ಯಯವೂ ಅದರಲ್ಲಿಯೇ ಇದೆ.

ಟಯರು, ಭಾರ ಮತ್ತು ಇಂಧನದ ಗುಣ

ಗಾಳಿ ಕಡಿಮೆಯಾದ ಟಯರು ಉರುಳುವಾಗ ಹೆಚ್ಚು ಬಾಗಿ ಶಕ್ತಿಯನ್ನು ನುಂಗುತ್ತದೆ. ತಯಾರಕರು ಸೂಚಿಸಿದ ಒತ್ತಡವು ಸಾಮಾನ್ಯವಾಗಿ ಚಾಲಕರ ಬಾಗಿಲ ಬಳಿಯ ಪಟ್ಟಿಯಲ್ಲಿರುತ್ತದೆ. ಎರಡು ವಾರಗಳಿಗೊಮ್ಮೆ, ಟಯರು ತಣ್ಣಗಿರುವಾಗ ಪರೀಕ್ಷಿಸಬೇಕು. ರಜೆಯಲ್ಲಿ ಮುಂಬಯಿಯಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಸಾಮಾನು ಹೇರಿಕೊಂಡು ಹೋಗಿ ಬಂದವರು ಮಾಳಿಗೆಯ ಕ್ಯಾರಿಯರನ್ನು ಕಳಚಿಡುವುದು ಒಳ್ಳೆಯದು. ಬರಿದಾಗಿದ್ದರೂ ಅದು ಗಾಳಿಗೆ ಅಡ್ಡಿಯೇ.

ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿಯು ಅಷ್ಟೇ ಪೆಟ್ರೋಲಿನಲ್ಲಿರುವುದರ ಸುಮಾರು ಮೂರರಲ್ಲಿ ಎರಡು ಭಾಗ. ಆದುದರಿಂದ ಮೈಲೇಜಿನಲ್ಲಿ ಕಂಡುಬರುವ ಸ್ವಲ್ಪ ಇಳಿಕೆಗೆ ಚಾಲಕರಾಗಲಿ ಎಂಜಿನ್ನಾಗಲಿ ಕಾರಣವಲ್ಲದಿರಬಹುದು.

ಲೆಕ್ಕವಿಡುವ ವಿಧಾನ

ಟ್ಯಾಂಕನ್ನು ಪೂರ್ತಿ ತುಂಬಿಸಿ ಮೀಟರಿನ ಅಂಕಿಯನ್ನು ಬರೆದಿಡಬೇಕು. ಮುಂದೆ ಮತ್ತೊಮ್ಮೆ ಪೂರ್ತಿ ತುಂಬಿಸಿದಾಗ, ಓಡಿದ ದೂರವನ್ನು ಆಗ ಹಾಕಿಸಿದ ಲೀಟರುಗಳಿಂದ ಭಾಗಿಸಬೇಕು. 384 ಕಿ.ಮೀ. ಓಡಿ 32 ಲೀಟರ್ ಹಿಡಿದರೆ ಮೈಲೇಜ್ 12 ಕಿ.ಮೀ. ಮೂರು ನಾಲ್ಕು ಸಲದ ಸರಾಸರಿಯೇ ನಂಬಲರ್ಹ.

ವರ್ಷಕ್ಕೆ 12,000 ಕಿ.ಮೀ. ಓಡುವ ಕಾರಿನ ಮೈಲೇಜ್ 12ರಿಂದ 15ಕ್ಕೆ ಏರಿದರೆ, 1,000 ಲೀಟರಿನ ಬದಲು 800 ಲೀಟರ್ ಸಾಕು. ಲೀಟರಿಗೆ 100 ರೂಪಾಯಿ ಎಂದು ಎಣಿಸಿದರೆ ಕುಟುಂಬಕ್ಕೆ 20,000 ರೂಪಾಯಿ ಉಳಿತಾಯವಾಗುತ್ತದೆ. ಸುಮಾರು 460 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದು ತಪ್ಪುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ವೇಗವನ್ನು ನಿಧಾನವಾಗಿ ಏರಿಸಬೇಕು; ಬ್ರೇಕಿನ ಅಗತ್ಯವನ್ನು ಮೊದಲೇ ಊಹಿಸಬೇಕು.
2. ಹೆದ್ದಾರಿಯಲ್ಲಿ ಮಿತವಾದ, ಏಕರೀತಿಯ ವೇಗವನ್ನು ಕಾಪಾಡಿಕೊಳ್ಳಬೇಕು.
3. ಅರ್ಧ ನಿಮಿಷ ಮೀರಿ ನಿಲ್ಲುವಾಗ ಎಂಜಿನ್ ಆರಿಸಬೇಕು.
4. ಇಳಿಜಾರಿನಲ್ಲಿ ಎಂದಿಗೂ ನ್ಯೂಟ್ರಲ್ ಬಳಸಬಾರದು.
5. ಟಯರಿನ ಒತ್ತಡವನ್ನು ತಪ್ಪದೆ ಪರೀಕ್ಷಿಸಬೇಕು. ಅನಗತ್ಯ ಭಾರವನ್ನು ಇಳಿಸಬೇಕು.
6. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಲೆಕ್ಕ ಬರೆದಿಡಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾರು ಬೇಕಿಲ್ಲ, ದುಬಾರಿ ಉಪಕರಣವೂ ಬೇಕಿಲ್ಲ. ಪೆಟ್ರೋಲನ್ನು ಉಳಿಸುವ ಈ ಅಭ್ಯಾಸಗಳೇ ಬ್ರೇಕು, ಕ್ಲಚ್ಚು, ಟಯರುಗಳ ಆಯುಷ್ಯವನ್ನೂ ಹೆಚ್ಚಿಸುತ್ತವೆ; ಕಾರಿನಲ್ಲಿ ಕುಳಿತವರಿಗೂ ದಾರಿಯಲ್ಲಿ ನಡೆಯುವವರಿಗೂ ಸುರಕ್ಷತೆಯನ್ನು ಒದಗಿಸುತ್ತವೆ.