ಶಾಲೆಯ ಫಿಸಿಯೋಥೆರಪಿ ತಪ್ಪದಿರಲಿ

ಮನೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಗುವಿದ್ದರೆ ಇದನ್ನು ನೀವು ಕಂಡಿರಬಹುದು: ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮಗುವಿನ ಹಿಮ್ಮಡಿ ಮೊದಲಿನಂತೆ ನೆಲಕ್ಕೆ ತಾಗುವುದಿಲ್ಲ, ಕ್ಯಾಲಿಪರ್ ಹಾಕಲು ಹೋದರೆ ಅಳುತ್ತದೆ. ಇದು ಹಟವಲ್ಲ. ಬಿಗಿದ ಸ್ನಾಯುವಿಗೆ ವ್ಯಾಯಾಮ ಸಿಗದಿದ್ದರೆ ಅದು ಗಿಡ್ಡವಾಗುತ್ತದೆ, ಮೂಳೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ಮಗು ಸರಸರನೆ ಎತ್ತರವಾಗುವ ವಯಸ್ಸಿನಲ್ಲಿ ಈ ತೊಂದರೆ ಹೆಚ್ಚು. ಹಾಗೇ ಬಿಟ್ಟರೆ ಕೀಲು ಬಿಗಿದುಕೊಂಡು ಆಪರೇಷನ್ ಬೇಕಾಗಬಹುದು.

ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗುವುದೇ ಕಷ್ಟ. ಶಾಲೆಗಾದರೆ ಮಗು ದಿನವೂ ಹೋಗುತ್ತದೆ. ಆದ್ದರಿಂದಲೇ ಈ ಸೇವೆಯನ್ನು ಶಾಲೆಯೊಂದಿಗೆ ಜೋಡಿಸಲಾಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿವೆ. ಜನ ಬಿ.ಆರ್.ಸಿ. ಅನ್ನುವುದು ಇದಕ್ಕೇ. ತಪಾಸಣಾ ಶಿಬಿರ, ಸಾಧನ ಸಲಕರಣೆ, ಫಿಸಿಯೋಥೆರಪಿ, ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ, ಎಲ್ಲಕ್ಕೂ ಅಲ್ಲಿಂದಲೇ ದಾರಿ. ಸರ್ಕಾರಿ ಉರ್ದು ಶಾಲೆಯ ಮಗುವಿಗೂ ಇದು ಉಂಟು. ಮಗು ಮದ್ರಸಾಕ್ಕೆ ಮಾತ್ರ ಹೋಗುತ್ತಿದ್ದರೆ ಶಾಲೆಯಲ್ಲೂ ಹೆಸರು ಹಚ್ಚಿಸಿ.

ಹೆಸರು ಯಾಕೆ ಮುಖ್ಯವೆಂದರೆ, ಈ ಯೋಜನೆಯ ಹಣ ಬರುವುದು ತಲೆ ಲೆಕ್ಕದ ಮೇಲೆ. ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನಿಗದಿಯಾಗಿದೆ. ಹೆಣ್ಣುಮಕ್ಕಳಿಗೆ ಹತ್ತು ತಿಂಗಳು 200 ರೂಪಾಯಿಯಂತೆ ಪ್ರೋತ್ಸಾಹಧನ ಬೇರೆ. ಅಕ್ಕನ ನಿಕಾಹ್‌ಗೆ ಅಡ್ಡಿಯಾದೀತೆಂದು ತಂಗಿಯ ಊನವನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮುಚ್ಚಿಟ್ಟ ಮಗು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕ ಇಳಿದಷ್ಟೂ ಹಣ ಇಳಿಯುತ್ತದೆ. ನಷ್ಟ ನೆರೆಮನೆಯ ಮಗುವಿಗೂ ತಟ್ಟುತ್ತದೆ. ಮಗಳು ದೊಡ್ಡವಳಾದಳೆಂದು ಥೆರಪಿ ಬಿಡಿಸುವವರೂ ಇದ್ದಾರೆ. ಹಾಗೆ ಮಾಡಬೇಡಿ. ತಾಯಿ ಪಕ್ಕದಲ್ಲಿರುವುದಾಗಿ ಹೇಳಿ, ಮಹಿಳಾ ಥೆರಪಿಸ್ಟ್ ಸಿಗುವರೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚವೇನು?

ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಗುಳೆ ಇನ್ನೊಂದು ಕಷ್ಟ. ಗೋವಾಕ್ಕೋ ಬೆಂಗಳೂರಿಗೋ ಹೊರಟರೆ ಮಗುವಿನ ಥೆರಪಿ ಕಾರ್ಡು, ಯು.ಡಿ.ಐ.ಡಿ. ಕಾರ್ಡು ಜೊತೆಗಿರಲಿ. ಸಾಧ್ಯವಾದರೆ ಮಗುವನ್ನು ಅಜ್ಜಿಯ ಬಳಿ ಬಿಟ್ಟು, ಅಜ್ಜಿಗೆ ವ್ಯಾಯಾಮ ಕಲಿಸಿ ಹೋಗಿ.

ಥೆರಪಿ ನಿಂತರೆ ಸುಮ್ಮನಿರಬೇಡಿ. ಇದು ಯಾರ ಉಪಕಾರವೂ ಅಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಮಗುವಿಗೆ ಬೇಕಾದ ಬೆಂಬಲ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಶೇ. 40 ಅಥವಾ ಹೆಚ್ಚು ಊನವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಷ್ಟು ವಾರದಿಂದ ಥೆರಪಿ ಇಲ್ಲ ಎಂಬುದನ್ನು ತಾರೀಖು ಸಮೇತ ಬರೆದು ಎಸ್.ಡಿ.ಎಂ.ಸಿ.ಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಕೊಡಿ, ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ. ನಾಲ್ಕು ಮನೆಯವರು ಕೂಡಿ ಹೋದರೆ ಇನ್ನೂ ಒಳ್ಳೆಯದು. ಬರೆಯಲು ಬಾರದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿ ಈ ಕಾಯ್ದೆಯ ರಾಜ್ಯ ಆಯುಕ್ತರಿದ್ದಾರೆ.

ಅಷ್ಟರವರೆಗೆ ಮನೆಯಲ್ಲಿ ದಿನವೂ ವ್ಯಾಯಾಮ ನಡೆಯಲಿ, ರಂಜಾನ್‌ನಲ್ಲೂ. ಮೊದಲು ಥೆರಪಿಸ್ಟ್ ಕೈಯಿಂದ ಕಲಿತುಕೊಳ್ಳಿ. ಬಿಸಿನೀರಿನ ಸ್ನಾನದ ನಂತರ ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ನೇರವಾಗಿಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಪಾದವನ್ನು ಮೆಲ್ಲಗೆ ಮೇಲ್ಮುಖವಾಗಿ ಬಾಗಿಸಿ. ಅರ್ಧ ನಿಮಿಷದಷ್ಟು ಹಾಗೇ ಹಿಡಿದು ಬಿಡಿ. ಜಗ್ಗಬೇಡಿ, ನೋವಾದರೆ ನಿಲ್ಲಿಸಿ. ಕ್ಯಾಲಿಪರ್ ಒಳಗೆ ಒಗೆದ ಹತ್ತಿಯ ಕಾಲುಚೀಲ ಇರಲಿ. ಬಿಚ್ಚಿದ ಮೇಲೆ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯದಿದ್ದರೆ ಕ್ಯಾಲಿಪರ್ ಬಿಗಿಯಾಗಿದೆ ಎಂದರ್ಥ. ಸರಿಪಡಿಸುವವರೆಗೆ ಹಾಕಬೇಡಿ.