ಲೀಟರಿಗೆ 50 ಪೈಸೆ ಕೊಟ್ಟು ಹೊರಿಸಿದ ನೀರು

2022ರ ಆಗಸ್ಟ್. ನಾಲ್ಕು ದಿನದಿಂದ ಬಿಡದ ಜಿಟಿಜಿಟಿ ಮಳೆ. ಬೆಳಿಗ್ಗೆ ಬಚ್ಚಲಿಗೆ ಹೋದ ಅತ್ತೆಯವರು ಕಾಲಿಡದೆ ಹೊಸ್ತಿಲಲ್ಲೇ ನಿಂತು ನನ್ನನ್ನು ಕೂಗಿದರು. ಜಾಲರಿಯಿಂದ ಕಪ್ಪು ನೀರು ಗುಳುಗುಳು ಎಂದು ಮೇಲೆ ಬರುತ್ತಿತ್ತು. ಎಪ್ಪತ್ತಾರರ ಆ ಜೀವ ಅಂದು ಪಕ್ಕದ ಮನೆಗೆ ಹೋಗಿ ಸ್ನಾನ ಮಾಡಿ ಬಂತು. ಆ ಸಂಕಟ ನನಗೆ ಇನ್ನೂ ಮರೆತಿಲ್ಲ.

ನಮ್ಮದು ಧಾರವಾಡದಿಂದ ಸ್ವಲ್ಪ ಹೊರಗೆ, ಗ್ರಾಮ ಪಂಚಾಯ್ತಿ ಹದ್ದಿನ ಬಡಾವಣೆ. ಒಳಚರಂಡಿ ಇಲ್ಲ. 2014ರಲ್ಲಿ ಮನೆ ಕಟ್ಟುವಾಗ ಎರಡು ತಿಂಗಳು ಟೈಲ್ಸ್ ಆರಿಸಿದೆವು. ಸಂಡಾಸಿನ ಗುಂಡಿಯ ಮಾತು ಬಂದಾಗ ಮಾತ್ರ ಗೌಂಡಿಗೆ ‘ನೀವೇ ನೋಡಿ ಮಾಡಿಬಿಡಿ’ ಎಂದೆವು. ಅವರು ಒಂದು ತೊಟ್ಟಿ ಕಟ್ಟಿ, ಪಕ್ಕದಲ್ಲಿ ರಿಂಗ್ ಇಳಿಸಿ ಇಂಗುಗುಂಡಿ ಮಾಡಿದರು. ಬೇಸಿಗೆಯಲ್ಲಿ ಎರೆ ಭೂಮಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಬಿರುಕುಗಳು ನೀರು ಕುಡಿದಷ್ಟು ದಿನ ಎಲ್ಲವೂ ಸರಿಯಾಗಿದೆ ಎಂದುಕೊಂಡಿದ್ದೆವು. ಒಮ್ಮೆ ನೀರುಂಡು ಉಬ್ಬಿದರೆ ಅದೇ ಮಣ್ಣು ಬಾಯಿ ಮುಚ್ಚಿಕೊಂಡು ಬಿಡುತ್ತದೆ.

ಖರ್ಚಿನ ಡೈರಿ ನನ್ನಲ್ಲಿದೆ, ಹಾಗಾಗಿ ಲೆಕ್ಕ ಹೇಳಬಲ್ಲೆ. 2019ರಲ್ಲಿ ಸಕ್ಕಿಂಗ್ ಗಾಡಿ ಒಮ್ಮೆ ಬಂತು, 1,500 ರೂಪಾಯಿ. 2020ರಲ್ಲಿ ಎರಡು ಸಲ. 2021ರಲ್ಲಿ ಐದು ಸಲ, ಆಗ ದರ 1,800. 2022ರ ಆಗಸ್ಟಿನೊಳಗೆ ಎಂಟು ಸಲ, ತಲಾ 2,000. ಗಾಡಿಗೇ 29,500 ಹೋಯಿತು. ನಡುವೆ 2021ರಲ್ಲಿ ಅದೇ ಮಣ್ಣಿನಲ್ಲಿ ಇನ್ನೊಂದು ಇಂಗುಗುಂಡಿ ತೋಡಿಸಿದ್ದಕ್ಕೆ 28,000. ಬ್ಯಾಕ್ಟೀರಿಯಾ ಪುಡಿ, ಆಸಿಡ್, ಫಿನಾಯಿಲ್ ಎಂದು 6,400. ಒಟ್ಟು 63,900. ಪ್ರತಿ ಸಲ ಎರಡು ಸಾವಿರ ಕೊಡುವಾಗ ‘ಸದ್ಯಕ್ಕೆ ಕೆಲಸ ಆಯ್ತಲ್ಲ’ ಎನಿಸುತ್ತಿತ್ತು. ಅಷ್ಟಷ್ಟೇ ಕೊಟ್ಟದ್ದರಿಂದ ಒಟ್ಟು ಎಷ್ಟಾಯಿತೆಂಬುದು ಕಣ್ಣಿಗೆ ಬೀಳಲೇ ಇಲ್ಲ.

ಆಸಿಡ್ ಸುರಿದದ್ದಂತೂ ದುಡ್ಡು ಕೊಟ್ಟು ಕೆಡಿಸಿಕೊಂಡ ಹಾಗೆ. ತೊಟ್ಟಿಯೊಳಗೆ ಮಲವನ್ನು ಕರಗಿಸುವುದೇ ಸೂಕ್ಷ್ಮಜೀವಿಗಳು. ಆಸಿಡ್ ಸುರಿದು ನಾನೇ ಅವನ್ನು ಕೊಲ್ಲುತ್ತಿದ್ದೆ, ಆಮೇಲೆ ಪುಡಿ ತಂದು ಹಾಕುತ್ತಿದ್ದೆ.

ಬಚ್ಚಲಲ್ಲಿ ನೀರು ಉಕ್ಕಿದ ಆ ದಿನ ಬಂದ ಗಾಡಿಯ ಡ್ರೈವರ್ ಪೈಪು ಸುತ್ತುತ್ತಾ, ‘ಅಕ್ಕಾರ, ಈ ಎರಿ ಮಣ್ಣಾಗ ನೀರ ಹೆಂಗ ಇಂಗ್ತೈತ್ರಿ? ಹಿಂಗಾದ್ರ ನಾ ತಿಂಗ್ಳಿಗೊಮ್ಮೆ ಬರೂದ’ ಅಂದ. ಅವನ ಜೊತೆಗಿದ್ದ ಹುಡುಗ, ‘ಐನೂರು ಕೊಡ್ರಿ, ನಾ ಇಳದ ಬುಡದ ರಾಡಿ ತಗದ ಬಿಡ್ತೀನ್ರಿ’ ಎಂದು ಅಂಗಿ ಗುಂಡಿ ಬಿಚ್ಚತೊಡಗಿದ. ಇಪ್ಪತ್ತು ದಾಟಿರಲಿಕ್ಕಿಲ್ಲ. ನಾನು ಅವನ ತೋಳು ಹಿಡಿದೆ. ಮುಚ್ಚಿದ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತದೆ, ಒಂದೆರಡು ಉಸಿರಿಗೆ ಮನುಷ್ಯ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ, ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚರಂಡಿಯಲ್ಲಿ ಜೀವ ಹೋದರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಈ ಕಾನೂನುಗಳಿರಲಿ ಬಿಡಲಿ, ಐನೂರು ರೂಪಾಯಿಗೆ ಒಬ್ಬ ತಾಯಿಯ ಮಗನನ್ನು ನನ್ನ ಮನೆಯ ಗುಂಡಿಗೆ ಇಳಿಸುವ ಮಾತೇ ಇಲ್ಲ.

ನಮ್ಮ ಓಣಿಯಲ್ಲಿ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರ್ ಒಬ್ಬರಿದ್ದಾರೆ. ಅಂದು ಸಂಜೆ ಅವರ ಮನೆಗೆ ಹೋದೆ. ‘ಮನ್ಯಾಗ ಐದು ಮಂದಿ. ದಿನಕ್ಕ ಎಷ್ಟು ನೀರು?’ ಎಂದು ಕೇಳಿದರು. ತಲೆಗೆ ನೂರು ಲೀಟರ್ ಹಿಡಿದರೂ 500. ಗಾಡಿಯಲ್ಲಿ ಹಿಡಿಯುವುದು 4,000 ಲೀಟರ್. ಅಂದರೆ ಒಂದು ಗಾಡಿಯೆಂದರೆ ಎಂಟು ದಿನದ ನೀರು. ಅದರಲ್ಲಿ ಮುಕ್ಕಾಲು ಭಾಗ ಸ್ನಾನದ್ದು, ಬಟ್ಟೆಯದ್ದು, ಪಾತ್ರೆಯದ್ದು. ಗಿಡಕ್ಕೆ ಹೋಗಬೇಕಾದ ನೀರನ್ನು ಮಲದ ಜೊತೆ ಬೆರೆಸಿ, ಲೀಟರಿಗೆ 50 ಪೈಸೆ ಕೊಟ್ಟು ಹೊರಿಸಿ ಕಳಿಸುತ್ತಿದ್ದೆ. ಅದು ಎಲ್ಲಿಗೆ ಹೋಗುತ್ತಿತ್ತೆಂದು ಕೇಳಿದ್ದೂ ಆಮೇಲೆಯೇ. ಊರಾಚೆಯ ಹಳ್ಳಕ್ಕೆ. ದೇವನಹಳ್ಳಿಯಲ್ಲಿ 2015ರಿಂದಲೇ ಇಂಥ ರಾಡಿಯನ್ನು ಸಂಸ್ಕರಿಸುವ ಘಟಕವಿದೆ. ಪ್ರತಿ ತಾಲ್ಲೂಕಿಗೂ ಅಂಥದ್ದೊಂದು ಬೇಕೆಂದು ನಾವೆಲ್ಲ ಒತ್ತಾಯಿಸಲೇಬೇಕು.

ಮಳೆ ಬಿಟ್ಟ ಮೇಲೆ ಆ ಇಂಜಿನಿಯರ್ ನಮ್ಮ ಹಿತ್ತಲಲ್ಲಿ ಒಂದಡಿ ಅಗಲ, ಮೂರಡಿ ಆಳದ ಕುಣಿ ತೋಡಿಸಿ, ಬುಡಕ್ಕೆ ಜಲ್ಲಿ ಹಾಕಿ, ರಾತ್ರಿಯಿಡೀ ನೀರು ನಿಲ್ಲಿಸಿದರು. ಮರುದಿನ ಮತ್ತೆ ನೀರು ಹಾಕಿ, ಗೀಟು ಹೊಡೆದ ಕಡ್ಡಿ ಊರಿ ಗಡಿಯಾರ ನೋಡುತ್ತ ಕೂತೆವು. ನೀರು ಒಂದಿಂಚು ಇಳಿಯಲು ಅರ್ಧ ಗಂಟೆಗಿಂತ ಕಡಿಮೆ ಹಿಡಿದರೆ ಇಂಗುಗುಂಡಿ ನಡೆಯುತ್ತದೆ, ಒಂದು ಗಂಟೆ ಮೀರಿದರೆ ಆ ಮಣ್ಣನ್ನು ನಂಬಬಾರದು. ನಮ್ಮ ಕಡ್ಡಿಯಲ್ಲಿ ಎರಡು ಗಂಟೆಯಾದರೂ ನೀರು ಒಂದು ಗೀಟನ್ನೂ ದಾಟಿರಲಿಲ್ಲ. ಗೌಂಡಿ ಹದಿನೈದು ಅಡಿ ತೋಡಿದರೆ ಗರಸು ಸಿಗುತ್ತದೆ, ಅಗ್ಗಕ್ಕೇ ಮುಗಿಯುತ್ತದೆ ಎಂದ. ಆದರೆ ಪಕ್ಕದವರ ಬಾವಿ ನಲವತ್ತೈದು ಅಡಿ ದೂರದಲ್ಲಿದೆ. ಕುಡಿಯುವ ನೀರಿನ ಮೂಲದಿಂದ 18 ಮೀಟರ್, ಎಂದರೆ ಸುಮಾರು 60 ಅಡಿ ದೂರವಿರಬೇಕು ಎನ್ನುತ್ತದೆ ಐಎಸ್ 2470. ಅತ್ತೆಗೆ ಬಚ್ಚಲು ಬಿಟ್ಟುಕೊಟ್ಟ ಮನೆಯ ಬಾವಿ ಅದು. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಹಳೆಯ ತೊಟ್ಟಿಗೆ ನಡುಗೋಡೆಯೂ ಇರಲಿಲ್ಲ, ಬಾಯಿಗೆ ‘ಟಿ’ ಪೈಪೂ ಇರಲಿಲ್ಲ. ಮೇಲೆ ತೇಲುವ ಕೆನೆ ನೇರ ಗುಂಡಿಗೆ ಹರಿದು ಮಣ್ಣಿನ ರಂಧ್ರ ಮುಚ್ಚಿತ್ತು. ತೊಟ್ಟಿ ಖಾಲಿ ಮಾಡಿಸಿ, ತೊಳೆಸಿ, ಮುಚ್ಚಳ ಪೂರ್ತಿ ಒಡೆದು ದಿನಗಟ್ಟಲೆ ಗಾಳಿಗೆ ಬಿಟ್ಟ ಮೇಲೆ ಅವೆರಡನ್ನೂ ಹಾಕಿಸಲು 14,000 ಆಯಿತು. ಬಚ್ಚಲು, ಅಡುಗೆಮನೆಯ ನೀರನ್ನು ಬೇರೆ ಪೈಪಿನಲ್ಲಿ ಬಾಳೆಯ ಪಾತಿಗೆ ತಿರುಗಿಸಲು 19,000. ತೊಟ್ಟಿಯಿಂದ ಹೊರಬರುವ ನೀರಿಗೆ ಇಪ್ಪತ್ತಡಿ ಉದ್ದದ, ಕೆಳಗೆ ಕಾಂಕ್ರೀಟ್ ಹಾಕಿದ ಜಲ್ಲಿ ಹಾಸು, ಅದರ ಮೇಲೆ ಕಾಬಾಳೆ. ಇದಕ್ಕೆ 48,000. ಒಟ್ಟು 81,000. ಕೊನೆಗೆ ಉಳಿಯುವ ಅಷ್ಟಿಷ್ಟು ನೀರು ಬೇಲಿಯ ಗಿಡಕ್ಕೆ ಹೋಗುತ್ತದೆ, ತರಕಾರಿಗೆ ಬಿಡುವುದಿಲ್ಲ.

ಈ ದುಡ್ಡಿಗೆ ಒಂದು ಎಫ್‌ಡಿ ಮುರಿಯಬೇಕಾಯಿತು. ಗೃಹ ವಿಮೆ ಇಂಥ ಸವಕಳಿಗೆ ಬರುವುದಿಲ್ಲ. ಈಗ ಹೀಗೆ ಮಾಡುತ್ತಿದ್ದೇನೆ: ಈ ವ್ಯವಸ್ಥೆ ಹದಿನೈದು ವರ್ಷ ಬಾಳುತ್ತದೆಂದು ಹಿಡಿದರೆ ವರ್ಷಕ್ಕೆ 5,400, ತಿಂಗಳಿಗೆ 450. ಮೂರು ವರ್ಷಕ್ಕೊಮ್ಮೆ ರಾಡಿ ತೆಗೆಸುವ ಖರ್ಚು ಸೇರಿ 600ರ ಆರ್‌ಡಿ ಕಟ್ಟುತ್ತೇನೆ. ಕೇಬಲ್ಲು, ಕರೆಂಟಿನ ಬಿಲ್ಲಿನ ಸಾಲಿನಲ್ಲೇ ಅದೂ ಇದೆ. 2022ರ ಕೊನೆಯಿಂದ ಈವರೆಗೆ ಗಾಡಿ ಬಂದದ್ದು ಒಂದೇ ಸಲ, 2025ರಲ್ಲಿ, 2,800 ರೂಪಾಯಿಗೆ.

ನನ್ನ ತಂಗಿ ಈಗ ನವಲಗುಂದದ ರಸ್ತೆಯಲ್ಲಿ ಸೈಟು ನೋಡುತ್ತಿದ್ದಾಳೆ. ಅಡ್ವಾನ್ಸ್ ಕೊಡುವ ಮೊದಲು ಮಾಲೀಕರ ಒಪ್ಪಿಗೆ ಕೇಳಿ, ನಿನ್ನೆ ಇಬ್ಬರೂ ಹೋಗಿ ಮೂರಡಿ ಕುಣಿ ತೋಡಿಸಿ ಎಂಟು ಕೊಡ ನೀರು ಸುರಿದು ಬಂದೆವು. ಕಡ್ಡಿ ನನ್ನ ಚೀಲದಲ್ಲಿದೆ. ಇನ್ನು ಅಳೆಯಲು ಹೋಗಬೇಕು.