ಸೇನೆಯಲ್ಲಿ ಪೆಟ್ಟು ತಿಂದವರು ಡಿಸೆಬಿಲಿಟಿ ಪೆನ್ಷನ್ ಪಡೆಯಲು ಎಂಟು ಸೂತ್ರಗಳು

ಗುಂಡಿನ ಸದ್ದಿಗೆ ಕಿವಿ ಮಂದವಾದವರು, ಮಂಜಿನಲ್ಲಿ ಬೆರಳು ಕಳೆದುಕೊಂಡವರು, ರಾತ್ರಿ ಬೆಚ್ಚಿ ಏಳುವವರು ಕೊಡಗು, ಬೆಳಗಾವಿಯ ಹಳ್ಳಿಗಳಲ್ಲಿ ಸಿಗುತ್ತಾರೆ. ಪರಿಹಾರ ಕೇಳಲು ಅವರಲ್ಲಿ ಅನೇಕರಿಗೆ ಸಂಕೋಚ. ಅದನ್ನು ಬಿಡಿ. ಇದು ನಿಮಗೆ ಸಲ್ಲಬೇಕಾದ ಹಣ.

1. ಪೆಟ್ಟಾದ ದಿನವೇ ಕಾಗದಕ್ಕೆ ಬರಲಿ.
'ಕುಛ್ ನಹೀ ಸಾಬ್, ಠೀಕ್ ಹೋ ಜಾಯೇಗಾ' ಎಂದು ಘಟಕದ ವೈದ್ಯಕೀಯ ತಪಾಸಣಾ ಕೊಠಡಿಯಾದ ಎಂಐ ರೂಮಿನಿಂದ ಮಾತ್ರೆ ತಂದು ಸುಮ್ಮನಾಗುವ ಜವಾನನೇ ಮುಂದೆ ಹೆಚ್ಚು ಕಷ್ಟಪಡುತ್ತಾನೆ. ಇಂಜುರಿ ರಿಪೋರ್ಟ್ ಬರೆಸಿ. ಸೇನೆಯ ಆಂತರಿಕ ವಿಚಾರಣೆಯಾದ ಕೋರ್ಟ್ ಆಫ್ ಇನ್‌ಕ್ವೈರಿ ನಡೆದರೆ, ನೀವು ಆಗ ಡ್ಯೂಟಿಯಲ್ಲಿದ್ದಿರಿ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿ ದಾಖಲಾಗಿದೆಯೇ ನೋಡಿ. ಎಲ್ಲದರ ನಕಲು ಮನೆಯಲ್ಲಿರಲಿ.

2. ಮೆಡಿಕಲ್ ಬೋರ್ಡ್ ಫಾರಂ ಓದದೆ ಸಹಿ ಹಾಕಬೇಡಿ.
ಸೇವೆ ಬಿಡುವ ಮುನ್ನ ನಡೆಯುವ ರಿಲೀಸ್ ಮೆಡಿಕಲ್ ಬೋರ್ಡ್‌ನಲ್ಲಿ ಎಲ್ಲವೂ ನಿರ್ಧಾರವಾಗುತ್ತದೆ. ಅದರ ಫಾರಂನಲ್ಲಿ ನಿಮ್ಮ ಸ್ವಂತ ಹೇಳಿಕೆಗೆಂದೇ ಒಂದು ಭಾಗವಿದೆ. ಸೇನೆಗೆ ಸೇರುವ ಮೊದಲು ಈ ತೊಂದರೆ ಇತ್ತೇ ಎಂಬುದು ಒಂದು ಪ್ರಶ್ನೆ. ಸೇವೆಯಲ್ಲಿದ್ದಾಗ ಯಾವ ಘಟನೆಯಿಂದ ಇದು ಬಂತು ಅಥವಾ ಉಲ್ಬಣಿಸಿತು ಎಂಬುದು ಇನ್ನೊಂದು. ಊರಿಗೆ ಹೋಗುವ ಆತುರದಲ್ಲಿ ಅನೇಕರು ಈ ಎರಡನೆಯದಕ್ಕೆ 'ನಿಲ್' ಎಂದು ಗೀಚುತ್ತಾರೆ. ಆ ಒಂದು ಪದವೇ ಮುಂದೆ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಯಾವ ಪೋಸ್ಟಿಂಗ್, ಎಷ್ಟು ಎತ್ತರ, ಯಾವ ತಿಂಗಳು, ಯಾವ ಆಸ್ಪತ್ರೆ, ಎಲ್ಲವನ್ನೂ ಬರೆಯಿರಿ. ಕನ್ನಡದಲ್ಲಿ ಮೊದಲೇ ಬರೆದಿಟ್ಟುಕೊಂಡು, ಗೊತ್ತಿದ್ದವರಿಂದ ಇಂಗ್ಲಿಷ್‌ಗೆ ಮಾಡಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

3. ಮನಸ್ಸಿನ ಗಾಯವನ್ನು ಮುಚ್ಚಿಡಬೇಡಿ.
ಸೇನೆಯ ವೈದ್ಯಕೀಯ ಶ್ರೇಣಿ 'ಶೇಪ್'ನ ಮೊದಲ ಅಕ್ಷರವೇ ಮನಸ್ಸಿಗೆ ಸೇರಿದ್ದು. ಆದರೂ 'ತಲೆ ಕೆಟ್ಟಿದೆ' ಅಂದಾರು ಎಂಬ ಭಯಕ್ಕೆ ಜವಾನರು ಬಾಯಿ ಬಿಡುವುದಿಲ್ಲ. ಬಾಯಿ ಬಿಡಿ, ಚಿಕಿತ್ಸೆ ಪಡೆಯಿರಿ, ಚೀಟಿಗಳನ್ನು ಜೋಪಾನ ಮಾಡಿ. ಸ್ಕಿಜೋಫ್ರೇನಿಯಾ ಎಂದು 1998ರಲ್ಲಿ ಮನೆಗೆ ಕಳುಹಿಸಲಾದ ಯೋಧರೊಬ್ಬರ ಪರವಾಗಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾರಣಗಳನ್ನೇ ಬರೆಯದ ಬೋರ್ಡ್ ಅಭಿಪ್ರಾಯ ಇಟ್ಟುಕೊಂಡು ಪೆನ್ಷನ್ ನಿರಾಕರಿಸುವಂತಿಲ್ಲ ಎಂದಿತು.

4. 'ಸೇವೆಗೆ ಸಂಬಂಧವಿಲ್ಲ' ಎಂಬ ಪತ್ರಕ್ಕೆ ಎದೆಗುಂದಬೇಡಿ.
ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. ಸುಪ್ರೀಂ ಕೋರ್ಟ್‌ನ 2013ರ ಧರಮ್‌ವೀರ್ ಸಿಂಗ್ ತೀರ್ಪು ಇದಕ್ಕೆ ಉತ್ತರ. ಭರ್ತಿಯಾದಾಗ ಕಾಯಿಲೆ ನಮೂದಾಗಿರದಿದ್ದರೆ ನೀವು ಆಗ ಆರೋಗ್ಯವಾಗಿದ್ದಿರಿ ಎಂದೇ ತಿಳಿಯಬೇಕು. ಕಾಯಿಲೆಗೂ ಸೇವೆಗೂ ನಂಟಿಲ್ಲ ಎಂದು ತೋರಿಸುವ ಹೊಣೆ ಸೇನೆಯದು. ಅನುಮಾನ ಉಳಿದರೆ ಅದರ ಲಾಭ ಜವಾನನಿಗೆ.

5. ಶೇಕಡಾವಾರು ಲೆಕ್ಕವನ್ನು ನೀವೇ ಹಾಕಿ ನೋಡಿ.
ನಿವೃತ್ತರಿಗೆ ಸಾಮಾನ್ಯವಾಗಿ ಕನಿಷ್ಠ ಶೇ. 20 ವೈಕಲ್ಯ ಬೇಕು. 2023ರ ಸೆಪ್ಟೆಂಬರ್ 21ಕ್ಕೆ ಮುಂಚಿನ ಹಳೆಯ ನಿಯಮದಲ್ಲಿ ಶೇ. 100 ವೈಕಲ್ಯಕ್ಕೆ ಕೊನೆಯ ವೇತನದ ಶೇ. 30 ಸಿಗುತ್ತದೆ. ವೇತನ 40,000 ರೂಪಾಯಿ ಇದ್ದರೆ ಅದು 12,000. ಶೇ. 20 ಇದ್ದವರಿಗೆ 2,400. ಆದರೆ ವೈಕಲ್ಯದ ಪ್ರಮಾಣವನ್ನು ಮೇಲಿನ ಹಂತಕ್ಕೆ ಏರಿಸುವ ಬ್ರಾಡ್ ಬ್ಯಾಂಡಿಂಗ್ ಪ್ರಕಾರ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಎಣಿಸುತ್ತಾರೆ, ಆಗ ಸಿಗುವುದು 6,000. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ನಿಮ್ಮ ಪೆನ್ಷನ್ ಪಾವತಿ ಆದೇಶ (ಪಿಪಿಒ) ತೆಗೆದು ಇವತ್ತೇ ನೋಡಿ.

6. ನಿವೃತ್ತಿಯ ದಿನಾಂಕ ಗಮನಿಸಿ.
2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿವೆ. ಆ ನಂತರ ಹೊರಬಂದವರು ಹಳೆಯ ತೀರ್ಪುಗಳನ್ನು ನೆಚ್ಚಿಕೊಳ್ಳುವ ಮೊದಲು ತಿಳಿದವರನ್ನು ಕೇಳಬೇಕು. ಅಗ್ನಿವೀರರ ದಾರಿಯೇ ಬೇರೆ: ಸೇವೆಯಿಂದಾದ ವೈಕಲ್ಯ ಶೇ. 50, 75 ಅಥವಾ 100 ಇದ್ದರೆ ಕ್ರಮವಾಗಿ 15, 25, 44 ಲಕ್ಷ ರೂಪಾಯಿ ಒಂದೇ ಕಂತಿನ ಪರಿಹಾರ.

7. ಮೆಟ್ಟಿಲು ಬಿಡದೆ ಹತ್ತಿ, ಗಡುವು ಮರೆಯಬೇಡಿ.
ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ ಎರಡನೆಯದು, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ತಡವಾಯಿತೆಂದು ಕೈಚೆಲ್ಲಬೇಡಿ. ಪ್ರತಿ ತಿಂಗಳೂ ಪೆನ್ಷನ್ ತಪ್ಪುತ್ತಿದ್ದರೆ ಅದು ಮುಂದುವರಿಯುತ್ತಿರುವ ಅನ್ಯಾಯ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಒಪ್ಪಿದೆ. ಆದರೆ ಹಿಂಬಾಕಿಯನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಿತಿಗೊಳಿಸುತ್ತಾರೆ. ನೀವು ಮುಂದೂಡಿದ ಪ್ರತಿ ವರ್ಷವೂ ಕೈತಪ್ಪಿದ ಹಣ.

8. ಒಬ್ಬರೇ ಓಡಾಡಬೇಡಿ.
ದಾಖಲೆ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ, ಅರ್ಜಿ ಬರೆಸಿಕೊಳ್ಳಲು ನೆರವು ಕೇಳಿ. ಯೋಧರ ಕುಟುಂಬಗಳಿಗೆ ಕಾನೂನು ನೆರವು ನೀಡಲು 2025ರ ಜುಲೈನಲ್ಲಿ 'ವೀರ್ ಪರಿವಾರ್ ಸಹಾಯತಾ' ಯೋಜನೆ ಶುರುವಾಗಿದೆ, ಅದನ್ನೂ ವಿಚಾರಿಸಿ. ಬಂದ ಹಣದಲ್ಲಿ ಪಾಲು ಕೇಳುವ ದಲ್ಲಾಳಿಗಳನ್ನು ಮಾತ್ರ ಹೊಸ್ತಿಲು ದಾಟಿಸಬೇಡಿ.

ನಿಮ್ಮ ಓಣಿಯಲ್ಲಿ ಕುಂಟುತ್ತ ನಡೆಯುವ, ಯಾರೊಂದಿಗೂ ಮಾತಾಡದ ಮಾಜಿ ಸೈನಿಕರಿದ್ದರೆ ಅವರ ಡಿಸ್ಚಾರ್ಜ್ ಬುಕ್ ಮತ್ತು ಆಸ್ಪತ್ರೆ ಚೀಟಿಗಳನ್ನು ಕೇಳಿ ನೋಡಿ. ಮುಂದಿನ ವಾರ ಅವರನ್ನು ಸೈನಿಕ ಕಲ್ಯಾಣ ಕಚೇರಿಗೆ ನೀವೇ ಕರೆದುಕೊಂಡು ಹೋಗಿ.